ಆಚೆ ಹಗ್ಗದ ಪಾಲು

ಮೀನು ಹಿಡಿಯಲು ಕಡಲಿಗೆ ಹೋಗುವ ಬದಲು ಮೀನನ್ನೇ ದಡಕ್ಕೆ ಕರೆದರೆ ಹೇಗೆ? ಹೀಗೊಂದು ಪ್ರಶ್ನೆ ಯಾವ ಪುಣ್ಯಾತ್ಮನ ತಲೆಗೆ ಮೊದಲು ಹೊಳೆಯಿತೋ ಗೊತ್ತಿಲ್ಲ. ಹೊಳೆಯಿತು, ಹಿಂದೆಯೇ ಯಂತ್ರವೂ ಬಂತು. ಬೂತಾಯಿ ಮೀನಿನ ದೊಡ್ಡ ಹಿಂಡು ಹೊಟ್ಟೆತುಂಬ ಮೇಯುವಾಗ ನೀರಿನೊಳಗೆ ಒಂದು ಬಗೆಯ ಗುಜುಗುಜು ಸದ್ದೇಳುತ್ತದೆ. ಹಸಿದ ಬೇರೆ ಬೂತಾಯಿಗಳಿಗೆ ಅದು ಪಕ್ಕದ ಮನೆಯಲ್ಲಿ ಊಟಕ್ಕೆ ಎಲೆ ಹಾಕಿದ ಸದ್ದಿದ್ದಂತೆ. ಅದೇ ಸದ್ದನ್ನು ಕಡಲಲ್ಲಿ ಸಾಲಾಗಿ ತೇಲಿಬಿಟ್ಟ ಬುರುಡೆಗಳಿಂದ ಹೊರಡಿಸಿ, ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತ ಬಂದರೆ ಹಿಂಡು ಅದರ ಬೆನ್ನು ಹಿಡಿದು ಬರುತ್ತದೆ. ವಿಜ್ಞಾನಿಗಳು ಇದಕ್ಕೆ ನಾಲಿಗೆ ಹೊರಳದ ಒಂದು ಹೆಸರಿಟ್ಟರು. ಕುಂದಾಪುರದ ಕಡಲ ಜನ ‘ಕೊಂಬು’ ಎಂದು ಕರೆದು ಸುಮ್ಮನಾದರು.

ಕೊಂಬು ಒಂದೇ ಊರಿನಲ್ಲಿ ಇದ್ದಷ್ಟು ದಿನ ಎಲ್ಲ ಚೆನ್ನಾಗಿತ್ತು. ಆಮೇಲೆ ಅರಬ್ಬೀ ಕಡಲಿನ ಸುತ್ತಲಿನ ದೇಶಗಳೆಲ್ಲ ಒಂದೊಂದು ಮಾಡಿಕೊಂಡವು. ಒಮಾನಿನವರು ಅತ್ತ ಕರೆದರು, ನಾವು ಇತ್ತ ಕರೆದೆವು, ಪಾಕಿಸ್ತಾನದವರು ಮೇಲಿನಿಂದ, ಕೆನ್ಯಾದವರು ಕೆಳಗಿನಿಂದ. ನಾಲ್ಕೂ ಕಡೆಯಿಂದ ಊಟಕ್ಕೆ ಕರೆದರೆ ಪಾಪ, ಮೀನು ತಾನೆ ಏನು ಮಾಡೀತು? ನಡುಗಡಲಲ್ಲಿ ಗಿರಗಿರ ತಿರುಗಿ ಸುಸ್ತಾಯಿತು. ಮೊಟ್ಟೆ ಇಡುವುದನ್ನೇ ಮರೆಯಿತು. ಮುಂದಿನ ಎರಡು ವರ್ಷ ಯಾರ ಮನೆಯ ಪಾತ್ರೆಯಲ್ಲೂ ಬೂತಾಯಿ ಕಾಣಲಿಲ್ಲ. ಅಂಜಲ್‌ನಂಥ ದುಬಾರಿ ಮೀನು ತಿನ್ನುವ ಉಳ್ಳವರು ಅದನ್ನು ತಿಂದುಕೊಂಡೇ ಇದ್ದರು. ಮುಳ್ಳುಸಹಿತ ಅಗಿದು ನುಂಗುವ ಬಡವರ ಮೀನು ಹೋದದ್ದರಿಂದ ಪೆಟ್ಟು ಬಿದ್ದದ್ದು ಬಸುರಿಯರಿಗೆ, ಆಗಷ್ಟೇ ಮೊಲೆಹಾಲು ಬಿಟ್ಟ ಮಕ್ಕಳಿಗೆ. ಶಾಲೆಯ ಗಂಜಿಗೆ ಬೆರೆಸುತ್ತಿದ್ದ ಮೀನಿನ ಪುಡಿ ನಿಂತ ಮೇಲೆ ಈಚೆ ದಡದಲ್ಲೂ ಆಚೆ ದಡದಲ್ಲೂ ಮಕ್ಕಳ ಕಣ್ಣಿನ ಒಳಮೈ ಬಿಳಿಚಿಕೊಂಡಿತು.

ಅದನ್ನು ನೋಡಿದ ಮೇಲೆ ದೇಶಗಳಿಗೆ ಬುದ್ಧಿ ಬಂತು. ಎಲ್ಲರೂ ಕೂತು ‘ಸರದಿ ಒಪ್ಪಂದ’ ಮಾಡಿಕೊಂಡರು, ಅದನ್ನು ನೋಡಿಕೊಳ್ಳಲು ಒಂದು ಮಂಡಳಿಯನ್ನೂ ಕೂರಿಸಿದರು. ಒಂದು ಸಮಯಕ್ಕೆ ಒಂದೇ ಕೊಂಬು. ಸರದಿ ಇಲ್ಲದವರು ಬೂತಾಯಿಗೆ ಬಲೆ ಇಳಿಸುವಂತಿಲ್ಲ. ದೊಡ್ಡ ಯಾಂತ್ರಿಕ ದೋಣಿಗಳು ಈ ಮೀನಿನ ತಂಟೆಗೇ ಹೋಗುವಂತಿಲ್ಲ. ಕೊಂಬು ಅದನ್ನು ದಡದವರೆಗೆ ತಂದುಕೊಡುವುದರಿಂದ ದಡದಲ್ಲಿ ನಿಂತು ಎಳೆಯುವ ಹಳೆಯ ಕೈರಂಪಣಿ ಬಲೆಯೇ ಸಾಕು. ಹಿಡಿದದ್ದರಲ್ಲಿ ಹತ್ತನೇ ಒಂದು ಭಾಗ ಎಲ್ಲ ದೇಶಗಳ ಮಕ್ಕಳಿಗಾಗಿ ಇರುವ ಸಾಮಾನ್ಯ ಉಗ್ರಾಣಕ್ಕೆ. ಉಳಿದದ್ದನ್ನು ದಡದ ಜನ ಹೇಗೆ ಹಂಚಿಕೊಳ್ಳುತ್ತಾರೋ ಅದು ಅವರ ಪದ್ಧತಿ, ಅದರಲ್ಲಿ ಮಂಡಳಿ ಕೈಹಾಕುವುದಿಲ್ಲ. ಸರದಿ ತಪ್ಪಿಸಿ ಸದ್ದು ಮಾಡಿದವರಿಗೆ ಮಾತ್ರ ಕ್ಷಮೆಯಿಲ್ಲ: ಮುಂದಿನ ಎರಡು ಸರದಿ ಹೋಯಿತು, ಉಗ್ರಾಣದ ಬಾಗಿಲೂ ಮುಚ್ಚಿತು. ಅಷ್ಟೊಂದು ದೇಶಗಳ ಮಂತ್ರಿಗಳು ಜಗಳವಿಲ್ಲದೆ ಸಹಿ ಹಾಕಿದ್ದು ಬಹುಶಃ ಇದೊಂದಕ್ಕೇ ಇರಬೇಕು.

ನಮ್ಮ ಕರಾವಳಿಯ ಕೊಂಬಿನ ಕೇಂದ್ರ ಇದ್ದದ್ದು ಕುಂದಾಪುರದ ಕೋಡಿಯಲ್ಲಿ. ಅದನ್ನು ನಡೆಸುತ್ತಿದ್ದವಳು ವಾರಿಜ ಮರಕಾಲ. ಕಡಲವಿಜ್ಞಾನ ಓದಿದವಳು, ಆದರೆ ಹುಟ್ಟಿದ್ದು ಪಕ್ಕದ ಬೀಜಾಡಿಯ ಕೈರಂಪಣಿ ಮನೆಯಲ್ಲಿ. ಅಪ್ಪ ಬಲೆಯ ಯಜಮಾನನಾಗಿದ್ದ, ಈಗ ಅಣ್ಣ ದಾಸ ಯಜಮಾನ. ತಾಯಿ ಗುಲಾಬಿ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿ ಮಕ್ಕಳನ್ನು ಸಾಕಿದವಳು. ಹೀಗಾಗಿ ವಾರಿಜಳ ತಲೆಯಲ್ಲಿ ಅರ್ಧ ಪ್ರಯೋಗಾಲಯ, ಅರ್ಧ ಮರಳದಂಡೆ. ಎರಡೂ ಒಂದಕ್ಕೊಂದು ಜಗಳವಾಡದೆ ಇದ್ದವು, ಆ ಬೆಳಗಿನವರೆಗೆ.

ಕಡಲಿನ ಆಚೆ ದಡದಲ್ಲಿ, ಒಮಾನಿನ ಮಿರ್ಬಾತ್ ಎಂಬ ಊರಿನಲ್ಲಿ, ವಾರಿಜಳಂತೆಯೇ ಕೊಂಬು ನಡೆಸುವವನು ಖಮೀಸ್. ಅವಳಿಗಿಂತ ಹಿರಿಯ. ಅವನದೂ ದಡದ ಬಲೆಯ ಮನೆತನ. ಕೇಂದ್ರಗಳ ನಡುವೆ ಒಂದು ಖಾಸಗಿ ಮಾತಿನ ಸಂಪರ್ಕವಿತ್ತು, ನಡುವೆ ಅನುವಾದ ಮಾಡುವ ಯಂತ್ರ. ಶುರುವಿನಲ್ಲಿ ಆ ಯಂತ್ರ ಖಮೀಸನ ಅರಬ್ಬಿಯನ್ನು “ಎಲೈ ಭಗಿನಿಯೇ, ನಿನ್ನ ಗೃಹದಲ್ಲಿ ಸರ್ವರೂ ಕುಶಲವೇ?” ಎಂದು ಯಕ್ಷಗಾನದ ರಾಜವೇಷದವರಂತೆ ಹೇಳುತ್ತಿತ್ತು. ವಾರಿಜ ನಕ್ಕು ನಕ್ಕು ಕುರ್ಚಿಯಿಂದ ಬೀಳುವುದೊಂದು ಬಾಕಿ. ವರ್ಷಗಟ್ಟಲೆ ಅವಳ ಮಾತು ಕೇಳಿ ಕೇಳಿ ಯಂತ್ರ ಕುಂದಾಪುರದ ಬಾಯಿಯನ್ನೇ ಕಲಿತುಬಿಟ್ಟಿತು. ಈಗ ಅರಬ್ಬನ ಗಡಸು ದನಿಯಲ್ಲಿ ಬೀಜಾಡಿಯ ಮಾತು ಬರುತ್ತಿತ್ತು.

“ಹ್ವಾಯ್ ವಾರಿಜ, ಉಂಡ್ಯಾ ಮಾರಾಯ್ತಿ?” ಎಂದು ಅವನು ಕೇಳುವ ದನಿ ಆ ವರ್ಷ ಸೊರಗಿತ್ತು. ಕಾರಣವಿತ್ತು. ಮೇ ತಿಂಗಳಲ್ಲಿ ಮಿರ್ಬಾತಿನ ಸರದಿ. ಸರದಿ ಶುರುವಾಗುವ ಹೊತ್ತಿಗೆ ಸರಿಯಾಗಿ ಚಂಡಮಾರುತ ಬಂದು ದೋಣಿ, ಬಲೆ, ಒಣಮೀನಿನ ಗುಡಿಸಲು ಎಲ್ಲವನ್ನೂ ಗುಡಿಸಿಕೊಂಡು ಹೋಯಿತು. ಊರಿನವರು ಬಲೆ ಹೊಲಿದುಕೊಂಡು ಎದ್ದು ನಿಲ್ಲುವಷ್ಟರಲ್ಲಿ ಸರದಿ ಮುಗಿದಿತ್ತು. ಗಾಳಿ ಬಂತು ಎಂದು ಸರದಿ ಮುಂದೆ ಹೋಗುವುದಿಲ್ಲ. ಮುಂದಿನ ಸರದಿ ಕೋಡಿಯದು. ಅಪ್ಪಣೆ ಕೊಟ್ಟರೆ ಅದಲುಬದಲು ಮಾಡಿಕೊಳ್ಳುತ್ತೇವೆ ಎಂದು ವಾರಿಜ ಮಂಡಳಿಯನ್ನು ಕೇಳಿಯೂ ನೋಡಿದಳು. ಅದಕ್ಕೆ ಎಲ್ಲ ದೇಶಗಳ ಸಭೆ ಕೂಡಬೇಕು, ಸಭೆ ಬರುವ ವರ್ಷ ಎಂಬ ಉತ್ತರ ಬಂತು.

ಕೋಡಿಯ ಜನರೂ ಉಂಡು ತೇಗುವ ಸ್ಥಿತಿಯಲ್ಲಿ ಇರಲಿಲ್ಲ. ಹಿಂದಿನ ಎರಡು ಸರದಿಗಳಲ್ಲೂ ಮೀನು ಕೈಕೊಟ್ಟಿತ್ತು. ದಾಸನ ಹೆಂಡತಿ ಕುಸುಮ ಬಸುರಿ; ಮೈಯಲ್ಲಿ ರಕ್ತವೇ ಇಲ್ಲ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಅಂಗನವಾಡಿಯ ಮೀನಿನ ಪುಡಿಯ ಡಬ್ಬಿ ತಳ ಕಂಡಿತ್ತು. ಬೀಜಾಡಿಯಿಂದ ಕೋಡಿಯವರೆಗೆ ಎಲ್ಲರ ಕಣ್ಣೂ ವಾರಿಜಳ ಕೊಂಬಿನ ಮೇಲೆ.

ಆದರೆ ಹಿಂಡು ಜಗ್ಗಲಿಲ್ಲ.

ಅದು ನಿಂತಿದ್ದದ್ದು ಮಿರ್ಬಾತಿನ ಎದುರಿನ ನೀರಿನಲ್ಲೇ. ಮಳೆಗಾಲದ ಗಾಳಿಗೆ ಅಲ್ಲಿ ತಳದ ತಣ್ಣೀರು ಮೇಲಕ್ಕೆದ್ದು ಕಡಲೆಲ್ಲ ಹಸಿರು ಮೇವು. ಬಡಿಸಿದ ಎಲೆ ಮುಂದಿರುವಾಗ ದೂರದ ಊಟದ ಸದ್ದಿಗೆ ಯಾರು ಎದ್ದು ಬರುತ್ತಾರೆ? ವಾರಿಜ ಕೊಂಬಿನ ಶ್ರುತಿ ಏರಿಸಿದಳು, ಇಳಿಸಿದಳು, ಬುರುಡೆಗಳ ಸಾಲನ್ನು ಹತ್ತಿರ ಮಾಡಿದಳು. ಪರದೆಯ ಮೇಲೆ ಹಿಂಡು ಬೆಳ್ಳಿಯ ಹರಿವಾಣದ ಹಾಗೆ ಇದ್ದಲ್ಲೇ ಇತ್ತು. ಕಡಲಿನ ಹರಿವು ಪೂರ್ವಕ್ಕಿರುವಾಗಲೇ ಅದು ಹೊರಡಬೇಕು. ಮಳೆಗಾಲ ಮುಗಿದು ಹರಿವು ತಿರುಗಿತೆಂದರೆ ಈ ವರ್ಷದ ಮೀನು ಯಾರಿಗೂ ಇಲ್ಲ. ಮಿರ್ಬಾತಿನ ಜನ ದಡದಲ್ಲಿ ನಿಂತು, ತಾವು ಮುಟ್ಟುವಂತಿಲ್ಲದ ಮೀನನ್ನು ನೋಡುತ್ತಿದ್ದರು. ಅವರ ಮುಂದಾಳು ಖಮೀಸನ ಮಗಳು ಸಲ್ಮಾ. ಅವಳು ಅಲ್ಲಿನ ಶಾಲೆಯ ಅಡುಗೆಮನೆ ನೋಡಿಕೊಳ್ಳುವವಳು. ಉಗ್ರಾಣದ ಪುಡಿ ಸಾಲದೆ ಬರಿ ಗಂಜಿಯನ್ನೇ ದಿನವೂ ಮಕ್ಕಳ ತಟ್ಟೆಗೆ ಸುರಿಯುವವಳು ಅವಳೇ. ಕೊಂಬು ಊದಿ ಮೀನನ್ನು ನಮ್ಮ ಬಲೆಗೆ ತಾ ಎಂದು ಅವಳು ಅಪ್ಪನ ಕೇಂದ್ರದ ಬಾಗಿಲಲ್ಲಿ ಕೂತಿದ್ದಳು.

“ಮಗಳ್ ಹೊರ್ಗ್ ಕೂಕಂಡಿತ್ ಕಾಣ್,” ಎಂದ ಖಮೀಸ್ ಒಂದು ಬೆಳಿಗ್ಗೆ. “ನಾ ಬಾಗಿಲ್ ಹಾಕಂಡ್ ಒಳ್ಗ್ ಕೂಕಂಡಿದ್ದೆ.”

“ನಾ ಎಷ್ಟ್ ಕರ್ದ್ರೂ ಹಿಂಡ್ ಬತ್ತಿಲ್ಲೆ ಖಮೀಸಣ್ಣ,” ಎಂದಳು ವಾರಿಜ. ಅವಳಿಗೆ ನಿಜವಾಗಿಯೂ ಅಳು ಬಂದಿತ್ತು.

ಆಗಲೇ ಹಿಂಡಿನ ಒಂದು ಅಂಚು ಸ್ವಲ್ಪ ಅಲುಗಿತು. ಈಚೆಗೆ ಬಾಗಿತು. ವಾರಿಜ ಕುರ್ಚಿಯಿಂದ ಎದ್ದು ನಿಂತಳು. ಕೈರಂಪಣಿ ಗೊತ್ತಿದ್ದವರಿಗೆ ಆ ಕ್ಷಣ ಗೊತ್ತು. ದೋಣಿಯವರು ಬಲೆಯನ್ನು ಕಡಲಲ್ಲಿ ಬಿಲ್ಲಿನ ಹಾಗೆ ಬಿಟ್ಟು ಬರುತ್ತಾರೆ. ಅದರ ಎರಡು ತುದಿಯ ಎರಡು ಹಗ್ಗ ದಡದ ಮೇಲೆ, ನಡುವೆ ಕೂಗಿದರೆ ಕೇಳುವಷ್ಟು ದೂರ. ಮೀನು ಒಂದು ಪಕ್ಕಕ್ಕೆ ಹೊರಳಿತೆಂದರೆ ಈ ಹಗ್ಗದವರು ಆ ಹಗ್ಗದವರಿಗೆ ಕೂಗಿ ಹೇಳುತ್ತಾರೆ. ಯೋಚಿಸಿ ಹೇಳುವ ಮಾತಲ್ಲ ಅದು, ಬಿದ್ದರೆ ‘ಅಮ್ಮಾ’ ಎನ್ನುವ ಹಾಗೆ ತಾನಾಗಿ ಬರುತ್ತದೆ.

“ಏ ಆಚಿ ಹಗ್ಗದವ್ರೇ, ಎಳೀರಾ!” ಎಂದು ವಾರಿಜ ಕಿರುಚಿದಳು.

ಇನ್ನೊಂದು ದೇಶ, ಒಪ್ಪಂದ, ಸರದಿ, ಅವಳ ಓದು, ಯಾವುದೂ ಆ ಗಳಿಗೆಯಲ್ಲಿ ನೆನಪಿರಲಿಲ್ಲ. ಖಮೀಸನಿಗೂ ನೆನಪಿರಲಿಲ್ಲ. ಅವನೂ ಹುಡುಗನಾಗಿದ್ದಾಗಿನಿಂದ ಇಂಥದೇ ಕೂಗಿಗೆ ಹಗ್ಗ ಎಳೆದವನು. ಎಣ್ಣೆ ಚೆಲ್ಲಿದ ನೀರಿನಿಂದ ಮೀನನ್ನು ಅಟ್ಟಲು ಪ್ರತಿ ಕೊಂಬಿನಲ್ಲೂ ಇನ್ನೊಂದು ಸದ್ದು ಇಟ್ಟಿರುತ್ತಾರೆ: ಡಾಲ್ಫಿನ್ ಹಿಂಡು ಬೇಟೆಗೆ ಬಂದಾಗಿನ ಕಟಕಟ. ಖಮೀಸನ ಕೈ ಅದರ ಗುಂಡಿ ಒತ್ತಿತು. ಬೆನ್ನಹಿಂದೆ ಬೇಟೆಯ ಸದ್ದು, ಮುಂದೆ ಊಟದ ಸದ್ದು. ಇಡೀ ಹಿಂಡು ಒಂದೇ ಸಲಕ್ಕೆ ಹೊರಳಿ ಪೂರ್ವಕ್ಕೆ ಹೊರಟಿತು. ಮಿರ್ಬಾತಿನ ದಡದಲ್ಲಿ ನಿಂತವರ ಕಣ್ಣೆದುರೇ ನೀರಿನ ಬೆಳ್ಳಿ ಸರಿದು ಬರಿ ನೀಲಿ ಉಳಿಯಿತು.

ದಿನವೂ ಸಂಜೆ ಎಲ್ಲ ಕೇಂದ್ರದವರೂ ಒಟ್ಟಿಗೆ ಸೇರಿ ಮಾತಾಡುವ ಹಾಜರಿ ಇತ್ತು. ಮಂಡಳಿಯ ಮುಖ್ಯಸ್ಥೆ ಜೈನಬು, ಕೆನ್ಯಾದ ಮಲಿಂದಿಯವಳು, ಹೆಚ್ಚು ಮಾತಿಲ್ಲದ ಹೆಂಗಸು. ಮಂಡಳಿ ನೀರಿನಲ್ಲಿ ಇಳಿಬಿಟ್ಟ ಯಂತ್ರದ ಕಿವಿಗಳು ಎರಡೂ ಕೊಂಬಿನ ಸದ್ದನ್ನು ಕೇಳಿಸಿಕೊಂಡಿದ್ದವು. “ಮಿರ್ಬಾತ್, ಸರದಿಯಿಲ್ಲದೆ ಸದ್ದು ಮಾಡಿದ್ದು ನೀವೇ?” ಎಂದು ಅವಳು ಕೇಳಿದಳು. “ಹೌದು, ನನ್ನದೇ ಕೈ,” ಎಂದ ಖಮೀಸ್. ಯಾಕೆ ಎಂದು ಕೇಳಿದಾಗಲೂ ಅದನ್ನೇ ಹೇಳಿದ. ಮಿರ್ಬಾತಿಗೆ ಎರಡು ಸರದಿ ರದ್ದಾಯಿತು, ಉಗ್ರಾಣದ ಬಾಗಿಲು ಮುಚ್ಚಿತು. ನಿಜ ಹೇಳಲು ವಾರಿಜ ಬಾಯಿ ತೆರೆದಳು. ಅಷ್ಟರಲ್ಲಿ ಖಾಸಗಿ ಸಂಪರ್ಕದಲ್ಲಿ ಖಮೀಸನ ದನಿ ಕಿವಿಗೆ ಬಿತ್ತು.

“ಬಾಯ್ ಮುಚ್ಕಂಡ್ ಕೂಕೊ. ಈಗ ನೀ ಹೇಳ್ರೆ ನಿನ್ ಕೊಂಬೂ ನಿಲ್ಲಿಸ್ತ್ರ್. ಹಿಂಡ್ ನಡುಗಡ್ಲಲ್ ಚೆದ್ರಿ ಹೋತ್ತ್. ನಂಗೂ ಇಲ್ಲೆ, ನಿಂಗೂ ಇಲ್ಲೆ. ಬಲೆ ದಡಕ್ ಬರ್ಲಿ, ಆಮೇಲ್ ಕಾಂಬ.”

ಅವನು ಹೇಳಿದ್ದು ಸರಿಯೇ ಆಗಿತ್ತು. ವಾರಿಜ ತೆರೆದ ಬಾಯಿ ಮುಚ್ಚಿ ಮತ್ತೆ ಕೊಂಬಿನ ಮುಂದೆ ಕೂತಳು.

ಹಿಂಡು ಕಡಲು ದಾಟಲು ವಾರಗಟ್ಟಲೆ ಬೇಕಾಯಿತು. ಬೀಜಾಡಿಯಲ್ಲಿ ಹಬ್ಬದ ಕಳೆ. ದಾಸ ಬಲೆಗೆ ಹೊಸ ಹಗ್ಗ ಹಾಕಿಸಿದ. ಕುಸುಮ ಹುಣಸೆ, ಮೆಣಸು ತಂದಿಟ್ಟುಕೊಂಡಳು. ವಾರಿಜ ಮಾತ್ರ ಮನೆಗೆ ಬಂದರೆ ಮೂಲೆ ಹಿಡಿದು ಕೂರುತ್ತಿದ್ದಳು.

“ಎಂತ ಹೆಣೆ, ಕೋಳಿ ಕೆದ್ರದ್ ಹಾಂಗೆ ಅನ್ನ ಕೆದರ್ತಿದ್ದಿ?” ಎಂದು ಗುಲಾಬಿ ಗದರಿದಳು. “ಊರಿಗೆಲ್ಲ ಮೀನ್ ತಂದ್ ಕೊಡುವವ್ಳ್ ನೀ. ನೀನೇ ಉಣ್ದಿದ್ರೆ ಹ್ಯಾಂಗೆ?”

“ಹಸಿವಿಲ್ಲೆ ಅಬ್ಬೆ.”

“ಹಸಿವಿಲ್ದೆ ಇಪ್ಪುಕೆ ನೀ ಎಂತ ದೇವ್ರಾ?”

ಆ ಮಾತಿಗೆ ನಗು ಬರಬೇಕಿತ್ತು, ಬರಲಿಲ್ಲ. ಮಿರ್ಬಾತಿನ ಸುದ್ದಿ ಅವಳಿಗೆ ದಿನವೂ ತಿಳಿಯುತ್ತಿತ್ತು. ಶಾಲೆಗೆ ಬರುವ ಮಕ್ಕಳು ಕಡಿಮೆಯಾಗಿದ್ದರು. ಬಂದವರೂ ಮಧ್ಯಾಹ್ನದ ಹೊತ್ತಿಗೆ ಬೆಂಚಿನ ಮೇಲೆ ತಲೆ ಇಟ್ಟು ಮಲಗುತ್ತಿದ್ದರು. ಊರಿನವರು ಖಮೀಸನ ಅಂಗಳಕ್ಕೆ ಬರುವುದನ್ನು ಬಿಟ್ಟಿದ್ದರು. ಹಸಿದ ಮಕ್ಕಳ ಕಣ್ಣೆದುರು ಮೀನನ್ನು ಅಟ್ಟಿದವನೊಂದಿಗೆ ಯಾರಿಗೆ ಮಾತು ಬೇಕು?

“ಸಲ್ಮಾ?” ಎಂದು ವಾರಿಜ ಒಂದು ದಿನ ಕೇಳಿದಳು.

“ಒಂದೇ ಮನಿಯಲ್ ಇತ್ತ್. ಮಾತಿಲ್ಲೆ. ನಾ ಒಳ್ಗ್ ಬಂದ್ರೆ ಅವ್ಳ್ ಹೊರ್ಗ್ ಹೋತ್ಳ್,” ಎಂದ ಖಮೀಸ್.

“ನಾ ಕೂಗಿದ್ದ್ ಅಂದೇಳಿ ಅವ್ಳಿಗಾರೂ ಹೇಳಿ ಖಮೀಸಣ್ಣ.”

“ಅವ್ಳಿಗ್ ಹೇಳ್ರೆ ಊರಿಗ್ ಹೇಳ್ದ್ ಹಾಂಗೆ. ಬಲೆ ಬರ್ಲಿ ಮಾರಾಯ್ತಿ.”

ಬಲೆ ಬಂತು. ನವರಾತ್ರಿ ಕಳೆದು ಆಕಾಶ ತೊಳೆದಿಟ್ಟಂತಿದ್ದ ಒಂದು ಬೆಳಿಗ್ಗೆ ಬೀಜಾಡಿಯ ನೀರು ಕುದಿಯತೊಡಗಿತು. ಕಾಗೆ, ಹದ್ದು, ನಾಯಿ, ಮನುಷ್ಯರು ಎಲ್ಲರೂ ದಡದಲ್ಲಿ. ದೋಣಿ ಬಲೆ ಬಿಟ್ಟು ಬಂತು. ಎರಡು ಹಗ್ಗಕ್ಕೂ ಜನ ಮುತ್ತಿದರು. ಶಾಲೆಯ ಮೇಷ್ಟರು ಪಂಚೆ ಎತ್ತಿ ಕಟ್ಟಿದರು. ಕೋಟೇಶ್ವರದ ಬಸ್ಸಿನ ಡ್ರೈವರ್ ಬಸ್ಸನ್ನು ರಸ್ತೆಯಲ್ಲೇ ಬಿಟ್ಟು ಓಡಿಬಂದ, ಅವನ ಹಿಂದೆ ಪ್ರಯಾಣಿಕರೂ. ಅದು ಹಾಗೆಯೇ. ಕೈರಂಪಣಿಯ ಹಗ್ಗಕ್ಕೆ ಕೈ ಹಚ್ಚಿದವರು ಯಾರೇ ಆಗಲಿ, ಯಾವ ಊರು, ಯಾವ ಜಾತಿ ಎಂದು ಕೇಳುವ ಪದ್ಧತಿಯಿಲ್ಲ. ಪಾಲು ಕೊಟ್ಟೇ ಕಳಿಸಬೇಕು. ಸುಮ್ಮನೆ ಕೈಜೋಡಿಸಿದವರಿಗೆ ಬುಟ್ಟಿಯ ಪಾಲು. ಆದರೆ ಆಚೆ ಹಗ್ಗದ ತುದಿ ಹಿಡಿದ ತಂಡ ಬೇರೆ ಊರಿನದಾದರೆ ಅವರಿಗೆ ಸರಿ ಅರ್ಧ. ಎಳೆದವರಲ್ಲಿ ಒಬ್ಬರು ಬರಿಗೈಲಿ ಹೋದರೂ ಮರುದಿನ ಆ ಬಲೆಯ ಹಗ್ಗವನ್ನು ಯಾರೂ ಮುಟ್ಟುವುದಿಲ್ಲ.

ಕೊಂಬಿನ ಕೆಲಸ ಮುಗಿಸಿ ಬಂದ ವಾರಿಜಳೂ ಹಗ್ಗ ಹಿಡಿದಳು. ಮುಂದೆ ದಾಸ, ಹಿಂದೆ ಅವಳು. ಬಲೆ ಇನ್ನೂ ಸೊಂಟದ ನೀರಿನಲ್ಲಿತ್ತು. ಮೀನು ದಡಕ್ಕೆ ಬಿದ್ದು ಬುಟ್ಟಿಗಳು ಓಡಾಡತೊಡಗಿದರೆ ಆಮೇಲೆ ಹೇಳಿ ಪ್ರಯೋಜನವಿಲ್ಲ. ಅವಳು ಹೇಳಿಬಿಟ್ಟಳು. ಕೂಗಿದ್ದು ತಾನು, ಅಟ್ಟಿದವನು ಖಮೀಸ್, ಶಿಕ್ಷೆ ಅವನೊಬ್ಬನಿಗೆ. ಈಗ ಸಂಜೆಯ ಹಾಜರಿಯಲ್ಲಿ ತಾನು ನಿಜ ಹೇಳಿದರೆ ಈ ಮೀನೂ ಹೋಗಬಹುದು, ಮುಂದಿನ ಎರಡು ಸರದಿಯೂ ಹೋಗಬಹುದು. ಹೇಳದಿದ್ದರೆ ಅಲ್ಲಿನ ಮಕ್ಕಳಿಗೆ ಎರಡು ಸರದಿಯವರೆಗೂ ಏನೂ ಇಲ್ಲ.

ಹಗ್ಗ ನಿಂತಿತು. ದಾಸ ತಿರುಗಿ ನೋಡಿದ. ಅವನ ಮುಖ ಕೆಂಪಗಾಗಿತ್ತು.

“ನಿಂಗ್ ತಲೆ ಸಮ ಇತ್ತಾ? ಎರಡ್ ಸರದಿ ಬರಿಗೈ ಆಯ್ತ್ ನಮ್ದ್. ಮನಿಯಲ್ ಹೆಂಡ್ತಿ ಹೆಣದ್ ಹಾಂಗೆ ಬಿಳೀ ಆಯಿತ್. ಮೀನ್ ಬಲೆಯಲ್ ಇಪ್ಪ ಹೊತ್ತಿಗೆ ಈ ಮಾತಾ?”

“ಕಡ್ಲಾಚಿಯವ್ನಿಗ್ ಬಿದ್ದ್ ಶಿಕ್ಷೆಗೆ ನಾವ್ ಎಂತ ಮಾಡುಕಾತ್ತ್?” ಎಂದು ಯಾರೋ ಹಿಂದಿನಿಂದ ಕೂಗಿದರು.

ವಾರಿಜ ಹಗ್ಗ ಬಿಡಲಿಲ್ಲ. “ಅಣ್ಣ, ಮೀನ್ ಅವ್ರ್ ದಡದ್ ಮುಂದೇ ಇದ್ದಿತ್. ಜನ ಎಲ್ಲ ಕಾಂತಾ ಇದ್ದಿದ್ರ್. ಅವ್ನ್ ಮಗ್ಳೇ ಬಾಗಿಲಲ್ ಕೂಕಂಡ್ ಬೇಡ್ತಾ ಇದ್ದಿದ್ಳ್. ನಾ ಎಳೀರಾ ಅಂದೆ. ಅವ್ನ್ ಎಳ್ದ.”

ದಾಸ ಹಗ್ಗವನ್ನು ಮೊಣಕೈಗೆ ಸುತ್ತಿಕೊಂಡ. ಅವನು ಓದಿದವನಲ್ಲ, ಒಪ್ಪಂದದ ಕಟ್ಟಳೆಗಳೂ ಅವನಿಗೆ ಪೂರ್ತಿ ಗೊತ್ತಿಲ್ಲ. ಆದರೆ ಹಸಿದ ಮನೆಯವರು ನೋಡುತ್ತಿರುವಾಗ ಮೀನನ್ನು ಕಡಲಿಗೆ ಅಟ್ಟುವುದು ಎಂದರೆ ಏನು ಎಂಬುದು ಅವನಿಗೆ ಗೊತ್ತಿತ್ತು. ಅವನ ಕಣ್ಣು ಕುಸುಮಳ ಕಡೆ ಹೋಯಿತು, ಬಲೆಯ ಕಡೆ ಬಂತು.

“ಮಗಳ್ ಕಾಂತಾ ಇಪ್ಪ ಹೊತ್ತಿಗೇ ಅಟ್ಟಿದ್ನಾ?” ಎಂದು ಕೇಳಿದ. ದನಿ ಇಳಿದಿತ್ತು.

“ಹೌದ್.”

ಬುಟ್ಟಿಗಳ ನಡುವೆ ಕೂತಿದ್ದ ಗುಲಾಬಿ ಎದ್ದು ಬಂದಳು. “ಒಂದೇ ಮಾತ್ ಹೇಳ್ ಹೆಣೆ. ಆಚಿ ಹಗ್ಗದ್ ತುದಿ ಹಿಡ್ದವ ಅವ್ನ್ ಹೌದಾ, ಅಲ್ದಾ?”

“ಹೌದ್ ಅಬ್ಬೆ. ಅವ್ನೇ.”

“ಮತ್ತೆ ಎಂತ ಪಂಚಾತಿಕೆ ನಿಮ್ದ್? ಅರ್ಧ ಅವ್ರದ್. ನಿಮ್ಮಪ್ಪಯ್ಯ ಇದ್ದಿರೆ ಇಷ್ಟೊತ್ತಿಗ್ ಬೇರೆ ರಾಶಿ ಹಾಕುಕೆ ಜಾಗ ಮಾಡಿ ಆತಿತ್.”

ಕುಸುಮ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಬಲೆಯನ್ನು ನೋಡುತ್ತ ನಿಂತವಳು, “ಅರ್ಧ ಅಂದ್ರೂ ನಮ್ಗ್ ಉಂಡ್ ಮುಗೂದಿಲ್ಲೆ ಕಾಣಿ. ಕಡ್ಲ್ ಪೂರ್ತಿ ಬಂದಿತ್,” ಎಂದಳು. ಮೇಷ್ಟರು ನಕ್ಕರು. ದಾಸ ನಗಲಿಲ್ಲ, ಅವನಿಗೆ ಸಂಕಟವಾಗಿತ್ತು, ಮುಚ್ಚಿಡಲೂ ಇಲ್ಲ. ಮೂಗು ಒರೆಸಿಕೊಂಡು ಹಗ್ಗಕ್ಕೆ ಹೆಗಲು ಕೊಟ್ಟ.

“ಎಳೀರಾ!” ಎಂದ. ಎರಡೂ ಹಗ್ಗ ಒಟ್ಟಿಗೆ ಬಿಗಿಯಾದವು. ಉಗ್ರಾಣದ ಪಾಲು ತೆಗೆದಿಟ್ಟ ಮೇಲೆ ಮರಳಿನ ಮೇಲೆ ಆ ದಿನ ಎರಡು ರಾಶಿ ಬಿತ್ತು.

ಸಂಜೆಯ ಹಾಜರಿಗೆ ವಾರಿಜ ಒಬ್ಬಳೇ ಬರಲಿಲ್ಲ. ಉಪ್ಪುನೀರಿನ ಬಟ್ಟೆಯಲ್ಲೇ ದಾಸ ಬಂದು ಅವಳ ಕುರ್ಚಿಯ ಹಿಂದೆ ನಿಂತ. ವಾರಿಜ ಎಲ್ಲವನ್ನೂ ಹೇಳಿದಳು.

“ಎರಡು ಕೊಂಬು ಒಟ್ಟಿಗೆ ಸದ್ದು ಮಾಡಿದ್ದು ನಿಜ,” ಎಂದಳು ಜೈನಬು.

“ನಿಜ. ಆದರೆ ಎರಡು ಬಲೆಗಲ್ಲ ಅಮ್ಮ. ಬಲೆ ಒಂದೇ. ಅದಕ್ಕೆ ಎರಡು ಹಗ್ಗ. ಆಚೆ ಹಗ್ಗ ಹಿಡಿದವರಿಗೆ ನಮ್ಮ ದಡದಲ್ಲಿ ಅರ್ಧ ಪಾಲು. ನಮ್ಮವರು ಬೇರೆ ರಾಶಿ ಹಾಕಿ ಇಟ್ಟಿದ್ದಾರೆ.”

ಜೈನಬು ಎಲ್ಲ ಕೇಂದ್ರದವರನ್ನೂ ಒಂದೊಂದಾಗಿ ಕೇಳುತ್ತ ಬಂದಳು: ನಿಮ್ಮಲ್ಲಿ ದಡದಿಂದ ಎಳೆಯುವ ಬಲೆ ಇದೆಯೆ? ಅದರ ಎರಡನೇ ಹಗ್ಗದವರಿಗೆ ಏನು ಕೊಡುತ್ತೀರಿ? ಪಾಕಿಸ್ತಾನದ ಒರ್ಮಾರಾದವನು ಅರ್ಧ ಎಂದ. ಸೊಮಾಲಿಯದವನು ಅರ್ಧ ಎಂದು ಹೇಳಿ, ಎರಡನೇ ಹಗ್ಗದ ಯಜಮಾನನಿಗೆ ಮೇಲೆ ಒಂದು ದೊಡ್ಡ ಮೀನು ಎಂದೂ ಸೇರಿಸಿದ. ಮಾಲ್ದೀವಿನವಳು ನಮ್ಮಲ್ಲಿ ಅಂಥ ಬಲೆ ಇಲ್ಲ, ಇದ್ದಿದ್ದರೆ ಅರ್ಧವೇ ಕೊಡುತ್ತಿದ್ದೆವು ಎಂದಳು. ಒಂದೇ ಕಡಲಿನ ಉಪ್ಪು ತಿಂದು ಬೆಳೆದ ಈ ದಡಗಳಿಗೆಲ್ಲ ಇದು ಯಾವಾಗಿನಿಂದಲೋ ಗೊತ್ತಿತ್ತು. ಒಪ್ಪಂದ ಬರೆದವರು ಒಬ್ಬರೂ ಹಗ್ಗ ಎಳೆದವರಲ್ಲ, ಅಷ್ಟೇ.

“ನಮ್ಮ ಮಲಿಂದಿಯಲ್ಲೂ ಅರ್ಧವೇ,” ಎಂದಳು ಜೈನಬು. “ದಡದವರ ಹಂಚಿಕೆಯಲ್ಲಿ ಮಂಡಳಿ ಕೈಹಾಕುವಂತಿಲ್ಲ. ಕೋಡಿಯವರು ತಮ್ಮ ಪಾಲುದಾರರು ಯಾರೆಂದು ಹೇಳಿದ್ದಾರೆ. ಮಿರ್ಬಾತಿನ ಶಿಕ್ಷೆ ಹಿಂದಕ್ಕೆ. ಆದರೆ ಕೇಳದೆ ಕೂಗಿದವಳು, ಕೇಳದೆ ಒತ್ತಿದವನು, ಇಬ್ಬರೂ ಮುಂದಿನ ಸರದಿಯವರೆಗೆ ಕೊಂಬು ಮುಟ್ಟುವಂತಿಲ್ಲ. ಇದನ್ನು ಬಿಟ್ಟರೆ ನನಗೆ ದಾರಿಯಿಲ್ಲ.”

ವಾರಿಜ ಒಪ್ಪಿಕೊಂಡಳು. ಖಮೀಸ್ ಅಳುತ್ತಿದ್ದ, ಅದನ್ನು ಅನುವಾದ ಮಾಡಲು ಯಂತ್ರಕ್ಕೆ ಬರುತ್ತಿರಲಿಲ್ಲ.

ಕೆಲಸ ತಪ್ಪಿದ ವಾರಿಜ ಆಮೇಲೆ ಸಂಸ್ಕರಣೆಯ ಅಂಗಳದಲ್ಲಿ ತಾಯಿಯ ಜೊತೆ ಕೂತಳು. ಮೀನನ್ನು ತೊಳೆದು, ಹಬೆಯಲ್ಲಿ ಬೇಯಿಸಿ, ಬಿಸಿಲಲ್ಲಿ ಹರಡಿ, ಮುಳ್ಳುಸಹಿತ ಪುಡಿ ಮಾಡುವ ಕೆಲಸ. ಮಿರ್ಬಾತಿನ ರಾಶಿಯನ್ನು ಗುಲಾಬಿ ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಹೊಟ್ಟೆ ಒಡೆದ ಒಂದು ಮೀನು ಕಂಡರೂ ತೆಗೆದು ತಮ್ಮ ರಾಶಿಗೆ ಹಾಕಿ, ಅಲ್ಲಿಂದ ಒಳ್ಳೆಯದೊಂದನ್ನು ಆರಿಸಿ ಅದಕ್ಕೆ ಸೇರಿಸುತ್ತಿದ್ದಳು. ಮೂಟೆಗಳು ಹಡಗು ಹತ್ತಿದವು. ಮನೆಯಲ್ಲಿ ಕುಸುಮ ಎರಡು ಹೊತ್ತೂ ಹುಳಿ-ಖಾರದ ಬೂತಾಯಿ ಪುಳಿಮುಂಚಿ ತಿಂದು ದಾಸನಿಂದ ಬೈಸಿಕೊಳ್ಳುತ್ತಿದ್ದಳು, ತನಗೂ ಒಂದಿಷ್ಟು ಬಿಡು ಎಂದು.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ವಾರಿಜಳ ಮೊಬೈಲ್ ಸದ್ದು ಮಾಡಿತು. ಮಿರ್ಬಾತಿನ ಕರೆ. ಖಮೀಸನ ದನಿಯಲ್ಲ; ಹೆಣ್ಣುದನಿ. ಹೆಸರು ಹೇಳುವ ಮೊದಲೇ ವಾರಿಜಳಿಗೆ ಗೊತ್ತಾಯಿತು. ಹಿನ್ನೆಲೆಯಲ್ಲಿ ತಟ್ಟೆಗಳ ಸದ್ದು, ಮಕ್ಕಳ ಗಲಾಟೆ. ಸಲ್ಮಾ ನಿಧಾನವಾಗಿ, ನಡುನಡುವೆ ನಿಲ್ಲಿಸುತ್ತ ಏನೋ ಹೇಳಿದಳು. ಯಂತ್ರ ಅದನ್ನು ವಾರಿಜಳ ಕಿವಿಗೆ ಮಾತ್ರ ಹೇಳಿತು. ವಾರಿಜ ಕೇಳಿಸಿಕೊಂಡಳು. ಫೋನನ್ನು ಕಿವಿಗೆ ಹಿಡಿದುಕೊಂಡೇ ಕೂತಳು. ಕಣ್ಣಿನಿಂದ ನೀರು ಎಲೆಯ ಮೇಲೆ ಬೀಳುತ್ತಿತ್ತು.

ಬಡಿಸುತ್ತಿದ್ದ ಗುಲಾಬಿಯ ಕೈ ಅಲ್ಲೇ ನಿಂತಿತು. “ಎಂತ ಆಯ್ತ್ ಹೆಣೆ? ಯಾರದ್? ಎಂತ ಹೇಳ್ತ್ರ್?”

“ಸಲ್ಮಾ, ಅಬ್ಬೆ,” ಎಂದಳು ವಾರಿಜ. “ಇವತ್ ಶಾಲೆಗೆ ಅಪ್ಪಯ್ಯನ್ನ ಕರ್ದಿದ್ಳಂಬ್ರ್. ಖಮೀಸಣ್ಣನ್ನ ಮಕ್ಳ್ ಒಟ್ಟಿಗೆ ಕೂರ್ಸಿ ಅವ್ಳೇ ಬಡ್ಸಿದ್ಳಂಬ್ರ್.”

“ಮತ್ತೆ?”

“ಉಂಡ್ರಂಬ್ರ್.”